ಫಾಸ್ಟ್‌ಫುಡ್ ಅಂಗಡಿ ನಡೆಸಲು ಕೈರುಚಿ ಒಂದೇ ಸಾಕೇ?



“ಅಡುಗೆ ನಮಗೆ ಚೆನ್ನಾಗಿ ಬರ್ತದೆ, ಅಂಗಡಿ ನಡೆಸೋಕೆ ತರಬೇತಿ ಯಾಕೆ?” ಎಂದು ಸಂಘಗಳಲ್ಲಿ ಕೆಲವರು ಕೇಳುತ್ತಾರೆ. ಅಡುಗೆ ಮಾಡುವುದು ಒಂದು ಕೆಲಸ, ಅಂಗಡಿಯ ಮೇಲ್ವಿಚಾರಣೆ ಇನ್ನೊಂದು ಕೆಲಸ. ಅಮೆರಿಕದ ಮೆಕ್‌ಡೊನಾಲ್ಡ್ಸ್ ಕಂಪನಿ 1961ರಲ್ಲೇ ತನ್ನ ಮ್ಯಾನೇಜರುಗಳಿಗಾಗಿ ಒಂದು ಶಾಲೆ ತೆರೆಯಿತು. ಅದು ಶುರುವಾದದ್ದು ತನ್ನದೇ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ. ಅಷ್ಟು ದೊಡ್ಡ ಕಂಪನಿಗೇ ತರಬೇತಿ ಬೇಕಾದರೆ, ಸಾಲ ಮಾಡಿ ಅಂಗಡಿ ಹಾಕುವ ನಮಗೆ ಬೇಡವೇ?

ಮೇಲ್ವಿಚಾರಣೆ ಮಾಡುವವರು ಕಲಿಯಬೇಕಾದ ಮುಖ್ಯ ವಿಷಯಗಳು ಇವು:

1. ಬಿಸಿ ಮತ್ತು ತಂಪು: 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಫ್ರೈಡ್ ರೈಸ್‌ಗೆಂದು ಬೇಯಿಸಿದ ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟರೆ ಅದರಲ್ಲಿ ವಿಷ ಹುಟ್ಟಬಹುದು. ಮತ್ತೆ ಹುರಿದರೂ ಅದು ಹೋಗುವುದಿಲ್ಲ.

2. ಕಾನೂನು: ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. “ಗಿರಾಕಿಗಳು ಕೆಂಪಗೇ ಕೇಳ್ತಾರೆ” ಎಂದು ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

3. ಲೆಕ್ಕ: ದಿನಕ್ಕೆ 5 ಪ್ಲೇಟ್ ಉಳಿದು ಚೆಲ್ಲಿದರೆ, ಪ್ಲೇಟಿಗೆ 25 ರೂಪಾಯಿ ಖರ್ಚಿನಂತೆ 125 ರೂಪಾಯಿ ನಷ್ಟ. ತಿಂಗಳಿಗೆ 26 ದಿನ ಹಿಡಿದರೆ 3,250 ರೂಪಾಯಿ. ಇದು ಸಾಲದ ಒಂದು ಕಂತೇ ಆಗಬಹುದು! ಉಳಿದದ್ದನ್ನು ದಿನಾ ಬರೆದಿಟ್ಟರೆ ನಾಳೆ ಎಷ್ಟು ಮಾಡಬೇಕೆಂಬುದು ತಿಳಿಯುತ್ತದೆ.

4. ಕೆಲಸದವರು: ವಾಂತಿ, ಭೇದಿ ಇರುವವರು ಆಹಾರ ಮುಟ್ಟಬಾರದು. ಆದರೆ ರಜೆ ಹಾಕಿದರೆ ಕೂಲಿ ಹೋಗ್ತದೆ ಎಂಬ ಹೆದರಿಕೆ ಇದ್ದರೆ ಆಕೆ ಕಾಯಿಲೆಯನ್ನು ಮುಚ್ಚಿಡುತ್ತಾಳೆ. ಅವಳು ಧೈರ್ಯವಾಗಿ ಹೇಳುವಂತೆ ನಡೆದುಕೊಳ್ಳುವುದೂ ಮ್ಯಾನೇಜರ್ ಕಲಿಯಬೇಕಾದ ವಿದ್ಯೆಯೇ.

ನಮ್ಮ ದೇಶದಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ‘ಫೋಸ್ಟ್ಯಾಕ್’ ಎಂಬ ತರಬೇತಿ ನಡೆಸುತ್ತದೆ. ಲೈಸೆನ್ಸ್ ಪಡೆದ ಹೋಟೆಲುಗಳಲ್ಲಿ ಪ್ರತಿ 25 ಕೆಲಸಗಾರರಿಗೆ ಒಬ್ಬರಾದರೂ ಈ ತರಬೇತಿ ಪಡೆದಿರಬೇಕು. ಬೀದಿ ಬದಿ ವ್ಯಾಪಾರಿಗಳಿಗೂ ಇದರಲ್ಲಿ ಪ್ರತ್ಯೇಕ ಪಾಠವಿದೆ. ವಿವರಕ್ಕೆ ನಿಮ್ಮ ಭಾಗದ ಆಹಾರ ಸುರಕ್ಷತಾ ಅಧಿಕಾರಿಯನ್ನು ಕೇಳಿ.

ಅಂಗಡಿ ತೆರೆಯುವ ಮೊದಲು ಸಂಘದ ಸಭೆಯಲ್ಲಿ ಒಂದು ಮಾತು ತೀರ್ಮಾನಿಸೋಣ: ಒಲೆ ಮುಂದೆ ನಿಲ್ಲುವವರು ಯಾರು, ಮೇಲ್ವಿಚಾರಣೆ ಕಲಿಯುವವರು ಯಾರು? ಇಬ್ಬರಾದರೂ ಕಲಿತರೆ ಒಬ್ಬರು ಬಾರದ ದಿನವೂ ಅಂಗಡಿ ಸರಿಯಾಗಿ ನಡೆಯುತ್ತದೆ.