ಮಂಡಕ್ಕಿಯೊಳಗಿನ ಗಾಳಿ, ಹೊಟ್ಟಿನೊಳಗಿನ ಗಾಜು

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಒಂದೈದು ನಿಮಿಷ ನಿಂತು ನೋಡಬೇಕು. ಬಾಣಲೆಯಲ್ಲಿ ಮರಳು ಹದವಾಗಿ ಕಾದಿರುತ್ತದೆ. ಉಪ್ಪುನೀರು ಹಿಡಿಸಿ ಒಣಗಿಸಿದ ಅಕ್ಕಿಯನ್ನು ಅದಕ್ಕೆ ಹಾಕಿ ಕೈಯಾಡಿಸಿದರೆ ಕೆಲವೇ ಕ್ಷಣಗಳಲ್ಲಿ ಚಟಪಟ ಶುರು. ಜರಡಿ ಹಿಡಿದರೆ ಮರಳು ಕೆಳಗಿಳಿದು ಬೆಳ್ಳನೆಯ ಮಂಡಕ್ಕಿ ಮೇಲುಳಿಯುತ್ತದೆ. ಸಂಜೆ ಮೆಣಸಿನಕಾಯಿ ಬಜ್ಜಿಯ ಜೊತೆ ನಾವು ಮುಕ್ಕುವ ಆ ಮಂಡಕ್ಕಿಯಲ್ಲಿ ಅಕ್ಕಿಗಿಂತ ಗಾಳಿಯೇ ಹೆಚ್ಚು ಜಾಗ ಹಿಡಿದಿರುತ್ತದೆ. ಒಂದು ಕಾಳನ್ನು ಅಡ್ಡ ಮುರಿದು ಭೂತಗನ್ನಡಿಯಲ್ಲಿ ನೋಡಿ. ತೆಳ್ಳನೆಯ ಬಿಳಿ ಗೋಡೆಗಳು, ಅವುಗಳ ನಡುವೆ ತೂತೋ ತೂತು.

ಈ ತೂತುಗಳನ್ನು ಕೊರೆದದ್ದು ನೀರು. ಕಾಳಿನೊಳಗೆ ಅಡಗಿದ್ದ ಅಲ್ಪಸ್ವಲ್ಪ ತೇವ ಆವಿಯಾಗಿ ಹೊರಬರಲು ಒದ್ದಾಡುತ್ತದೆ. ಅದೇ ಹೊತ್ತಿಗೆ ಗಾಜಿನಂತೆ ಗಟ್ಟಿಯಾಗಿದ್ದ ಪಿಷ್ಟ ಬಿಸಿಗೆ ರಬ್ಬರಿನಂತೆ ಮೆದುವಾಗಿ ಉಬ್ಬುತ್ತದೆ. ಆವಿ ಹಾರಿಹೋದ ಮೇಲೆ ಉಬ್ಬಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಕೆ.ಆರ್. ಭಟ್ಟಾಚಾರ್ಯ ಮತ್ತು ಆರ್. ಚಿನ್ನಸ್ವಾಮಿ 1980ರ ದಶಕದ ಆರಂಭದಲ್ಲಿ ಇದನ್ನು ಅಳೆದು ನೋಡಿದರು. ಕಾಳಿನಲ್ಲಿ ಸುಮಾರು ಶೇಕಡಾ 11 ತೇವ, ಸುಮಾರು 250 ಡಿಗ್ರಿ ಶಾಖ ಇದ್ದರೆ ಅಕ್ಕಿ ಚೆನ್ನಾಗಿ ಅರಳುತ್ತದೆ. ಭಟ್ಟಿಯವರ ಕೈಗೆ ಮೊದಲೇ ಗೊತ್ತಿದ್ದ ಹದಕ್ಕೆ ಪ್ರಯೋಗಾಲಯ ಅಂಕಿ ಕೊಟ್ಟಿತು.

ನಾನು ಹೇಳಹೊರಟಿರುವುದು ಬಾಣಲೆಯ ಮೇಲಿನ ಮಂಡಕ್ಕಿಯ ಕಥೆಯಷ್ಟೇ ಅಲ್ಲ, ಅದರ ಕೆಳಗೆ ಉರಿಯುವ ಭತ್ತದ ಹೊಟ್ಟಿನದೂ ಹೌದು.

ಹದಡಿಯ ಕಡೆ ಭದ್ರಾ ನಾಲೆಯ ನೀರು ಹರಿಯುವ ಗದ್ದೆಗಳಿಗೆ ಇಳಿದವರಿಗೆ ಭತ್ತದ ಗರಿಯ ಅಂಚು ಬೆರಳು ಕೊಯ್ದ ನೆನಪಿರುತ್ತದೆ. ಹಾಗೆ ಕೊಯ್ಯುವುದು ಸಿಲಿಕಾ, ಅಂದರೆ ಗಾಜಿನ ಮೂಲವಸ್ತು. ಬೇರು ಮಣ್ಣಿನ ನೀರಿನ ಜೊತೆ ಅದನ್ನೂ ಹೀರುತ್ತದೆ. ನೀರು ಗರಿಯಿಂದ ಆವಿಯಾಗಿ ಹೋಗುತ್ತದೆ, ಸಿಲಿಕಾ ಅಲ್ಲೇ ನಿಲ್ಲುತ್ತದೆ. ಹೊಟ್ಟಿನಲ್ಲಂತೂ ಅದು ದಂಡಿಯಾಗಿ ಕೂಡಿರುತ್ತದೆ. ಸಾವಿರ ಕಿಲೋ ಭತ್ತ ಗಿರಣಿಗೆ ಹೋದರೆ ಸುಮಾರು 200 ಕಿಲೋ ಹೊಟ್ಟು. ಅದನ್ನು ಸುಟ್ಟರೆ ಸುಮಾರು 40 ಕಿಲೋ ಬೂದಿ. ಚೆನ್ನಾಗಿ ಸುಟ್ಟ ಬೂದಿಯಲ್ಲಿ ಶೇಕಡಾ 85ರಿಂದ 95 ಸಿಲಿಕಾ. ಅಕ್ಕಿ ಗಿರಣಿಗಳ ಈ ಸೀಮೆಯಲ್ಲಿ ನಾವು ಬೂದಿ ಎಂದು ಗುಡ್ಡೆ ಹಾಕುವುದು ಈ ವಸ್ತುವನ್ನೇ.

ಜಗತ್ತಿನ ಅತಿ ಹಗುರ ಘನವಸ್ತುಗಳಲ್ಲಿ ಒಂದಾದ ಏರೋಜೆಲ್ ಅನ್ನು ಇದರಿಂದ ಮಾಡಬಹುದು. ಬೂದಿಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಸಿಲಿಕಾ ಕರಗುತ್ತದೆ. ಕರಿ ಗಷ್ಟನ್ನು ಸೋಸಿ ಆ ನೀರಿಗೆ ಹದವರಿತು ಆಮ್ಲ ಸೇರಿಸಿದರೆ, ಹೆಪ್ಪು ಬಿದ್ದ ಹಾಲಿನಂತೆ ಇಡೀ ದ್ರವ ಗಟ್ಟಿಯಾಗಿ ನಡುಗುವ ಜೆಲ್ ಆಗುತ್ತದೆ. ಅದರೊಳಗೆ ಸಿಲಿಕಾದ ಸೂಕ್ಷ್ಮ ಬಲೆ, ಬಲೆಯ ತುಂಬ ನೀರು. ಬಲೆ ಕುಸಿಯದಂತೆ ನೀರನ್ನು ಹೊರತೆಗೆಯಬೇಕು. ಕಷ್ಟ ಇರುವುದು ಇಲ್ಲೇ. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಒಣಗುತ್ತಾ ಕುಗ್ಗಿ ಬಿರುಕು ಬಿಡುತ್ತದಲ್ಲ, ಜೆಲ್ಲಿನ ಪಾಡೂ ಅದೇ. ಹೋಗುವ ನೀರಿನ ಮೇಲ್ಮೈ ಸೆಳೆತ ಗೋಡೆಗಳನ್ನು ಒಳಕ್ಕೆ ಎಳೆದು ಕೆಡವುತ್ತದೆ.

ಅಮೆರಿಕದ ಸ್ಯಾಮ್ಯುಯೆಲ್ ಕಿಸ್ಲರ್ 1931ರಲ್ಲಿ ಇದಕ್ಕೊಂದು ದಾರಿ ತೋರಿಸಿದ. ದ್ರವವನ್ನು ಒಂದು ಮಟ್ಟ ಮೀರಿದ ಒತ್ತಡದಲ್ಲಿ ಕಾಯಿಸಿದರೆ ದ್ರವ ಯಾವುದು, ಆವಿ ಯಾವುದು ಎಂಬ ಗಡಿಯೇ ಅಳಿಸಿಹೋಗುತ್ತದೆ. ಮೇಲ್ಮೈಯೇ ಇಲ್ಲದ ಮೇಲೆ ಸೆಳೆತವೆಲ್ಲಿಂದ? ಈಗ ನೀರಿನ ಜಾಗಕ್ಕೆ ಆಲ್ಕೋಹಾಲ್, ಅದರ ಜಾಗಕ್ಕೆ ಕಾರ್ಬನ್ ಡೈಆಕ್ಸೈಡ್ ತುಂಬಿ, 31 ಡಿಗ್ರಿ ಶಾಖ ಮತ್ತು 73 ವಾತಾವರಣದ ಒತ್ತಡ ದಾಟಿಸಿ, ಮೆಲ್ಲಗೆ ಬಿಡುತ್ತಾರೆ. ಮಂಡಕ್ಕಿಯಲ್ಲಿ ನೀರು ಸಿಡಿದು ಹೋಗಬೇಕು, ಇಲ್ಲಿ ಸದ್ದಿಲ್ಲದೆ ಜಾರಬೇಕು.

ಹೀಗೆ ಸಿಗುವ ವಸ್ತುವಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಗಾಳಿ. ಹೊಗೆ ಹೆಪ್ಪುಗಟ್ಟಿದಂತೆ ತೆಳು ನೀಲಿ. ಅದರ ರಂಧ್ರಗಳು ಎಷ್ಟು ಕಿರಿದೆಂದರೆ, ಗಾಳಿಯ ಅಣು ಇನ್ನೊಂದು ಅಣುವಿಗೆ ಡಿಕ್ಕಿ ಹೊಡೆಯುವ ಮೊದಲೇ ಗೋಡೆಗೆ ಬಡಿಯುತ್ತದೆ. ಅಣುವಿನಿಂದ ಅಣುವಿಗೆ ಶಾಖ ಸಾಗುವ ದಾರಿ ಹಾಗೆ ತುಂಡಾಗುತ್ತದೆ. ಒಂದು ಗ್ರಾಂನೊಳಗಿನ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ 500 ಚದರ ಮೀಟರಿಗೂ ಮಿಕ್ಕಬಹುದು. ನಾಸಾದ ಸ್ಟಾರ್‌ಡಸ್ಟ್ ನೌಕೆ 2004ರಲ್ಲಿ ಧೂಮಕೇತುವಿನ ಧೂಳನ್ನು ಹಿಡಿದದ್ದು ಇಂಥ ಏರೋಜೆಲ್ಲಿನಲ್ಲೇ. ಮಲೇಷ್ಯಾದಲ್ಲಿ ಹಲಿಮಾಟನ್ ಹಮ್ದಾನ್ ಭತ್ತದ ಹೊಟ್ಟಿನ ಬೂದಿಯಿಂದಲೇ ಇದನ್ನು ಮಾಡಿ 'ಮೇರೋಜೆಲ್' ಎಂದು ಹೆಸರಿಟ್ಟರು.

ಭತ್ತ ಒಂದೇ ಅಲ್ಲ, ಬೇರೆ ಆಹಾರಗಳಿಂದಲೂ ಹೀಗೆ ತೂತು ತುಂಬಿದ ವಸ್ತುಗಳನ್ನು ಮಾಡಿದ್ದಾರೆ. ಚೀನಾದ ಸಂಶೋಧಕರು 2016ರಲ್ಲಿ ಬ್ರೆಡ್ಡನ್ನೇ ಕರಿಯಾಗಿಸಿ ಗಟ್ಟಿ ನೊರೆಯಂಥ ಇಂಗಾಲ ಮಾಡಿದರು. 2024ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು ಚೀಸ್ ಮಾಡುವಾಗ ಉಳಿಯುವ ತಿಳಿನೀರಿನ ಪ್ರೋಟೀನಿನಿಂದ ಸ್ಪಂಜು ಮಾಡಿ, 20 ಹಳೆಯ ಕಂಪ್ಯೂಟರ್ ಬೋರ್ಡುಗಳಿಂದ 450 ಮಿಲಿಗ್ರಾಂ ಚಿನ್ನದ ಗಟ್ಟಿ ತೆಗೆದರು.

ದಾವಣಗೆರೆಯಲ್ಲಿ ನಾಳೆಯೇ ಏರೋಜೆಲ್ ಕಾರ್ಖಾನೆ ಬರಲಿ ಎಂದು ನಾನು ಹೇಳುತ್ತಿಲ್ಲ. ಒತ್ತಡದ ಪಾತ್ರೆ ದುಬಾರಿ, ಜೆಲ್ ಒಣಗಿಸುವ ಕೆಲಸ ನಿಧಾನ. ಆದರೆ ಬೂದಿಯ ಸಿಲಿಕಾಕ್ಕೆ ಇದಕ್ಕಿಂತ ಸರಳ ದಾರಿಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅದನ್ನು ನುಣುಪು ಪುಡಿಯಾಗಿ ಬೇರ್ಪಡಿಸುವ ವಿಧಾನ ರೂಪಿಸಿದ್ದಾರೆ. ಗುಡ್‌ಇಯರ್ ಕಂಪನಿ ಟೈರುಗಳಿಗೆ ಹೊಟ್ಟಿನ ಬೂದಿಯ ಸಿಲಿಕಾ ಬಳಸುತ್ತಿದೆ. ಇವೆಲ್ಲಕ್ಕೂ ಮೊದಲು ಸರಿಯಾಗಬೇಕಾದದ್ದು ಒಲೆ. ಗಾಳಿ ಸಾಲದೆ ಉರಿದರೆ ಇಂಗಾಲ ಉಳಿದು ಬೂದಿ ಕಪ್ಪಾಗುತ್ತದೆ. ಶಾಖ ಸುಮಾರು 700 ಡಿಗ್ರಿ ಮೀರಿ ಹೆಚ್ಚು ಹೊತ್ತು ನಿಂತರೆ ಸಿಲಿಕಾ ಹರಳುಗಟ್ಟತೊಡಗುತ್ತದೆ. ಅದು ಸುಲಭಕ್ಕೆ ಕರಗುವುದಿಲ್ಲ, ಅದರ ಧೂಳು ಭಟ್ಟಿಯವರ ಶ್ವಾಸಕೋಶಕ್ಕೂ ಕೇಡು.

ಗಿರಣಿಯ ಹಿಂದಿನ ಗುಡ್ಡೆಯಿಂದ ಚಿಟಿಕೆ ಬೂದಿ ತೆಗೆದು ಅಂಗೈಯಲ್ಲಿ ಹರಡಿದೆ. ಹೆಚ್ಚಿನದು ಇದ್ದಿಲಿನಷ್ಟೇ ಕಪ್ಪು. ನಡುವೆ ಅಲ್ಲೊಂದು ಇಲ್ಲೊಂದು ಬೂದುಬಿಳಿ ಚೂರು. ಅವು ದೋಣಿಯಂಥ ಹೊಟ್ಟಿನ ಆಕಾರವನ್ನು ಇನ್ನೂ ಬಿಟ್ಟಿರಲಿಲ್ಲ. ಬೆರಳು ತಾಗಿದ್ದೇ ಪುಡಿಯಾದವು.