ಹೆಸರು ಹೊಸದು, ಎರಕ ಹಳೆಯದು: ಬೆಂಚ್ ವೈಸ್‌ಗಳ ಕಥೆ

ಬೆಂಚ್ ವೈಸ್ ಎಂದರೇನು ಎಂಬುದನ್ನು ಬೇಗ ಮುಗಿಸಿಬಿಡೋಣ. ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದ ಒಂದು ದೇಹ, ಅದಕ್ಕೇ ಅಂಟಿಕೊಂಡ ಒಂದು ಸ್ಥಿರ ದವಡೆ, ಹಿಂದೆ ಮುಂದೆ ಸರಿಯುವ ಇನ್ನೊಂದು ದವಡೆ. ಸರಿಸಲು ಸ್ಕ್ರೂ, ಸ್ಕ್ರೂ ಕಚ್ಚಿಕೊಳ್ಳಲು ಒಳಗೊಂದು ನಟ್, ತಿರುಗಿಸಲು ಹ್ಯಾಂಡಲ್. ಐಟಿಐಯಲ್ಲಿ ಫಿಟ್ಟರ್ ಟ್ರೇಡಿಗೆ ಸೇರಿದವರು ಮೊದಲು ಅರ ಹಿಡಿದು ನಿಲ್ಲುವುದು ಇದರ ಮುಂದೆಯೇ. ಇದಕ್ಕಿಂತ ಮೊದಲು ಕಮ್ಮಾರರ ಬಳಿ ಇದ್ದದ್ದು ನೆಲಕ್ಕೆ ಕಾಲೂರಿ ನಿಲ್ಲುವ ವೈಸ್. ಅದರ ದವಡೆ ಕೆಳಗಿನ ಕೀಲಿನ ಸುತ್ತ ತಿರುಗಿ ತೆರೆಯುತ್ತಿತ್ತು. ಹಾಗಾಗಿ ದಪ್ಪ ವಸ್ತು ಹಿಡಿದಾಗ ದವಡೆಗಳು ಓರೆಯಾಗಿ, ಕೆಳ ಅಂಚು ಮಾತ್ರ ಕಚ್ಚುತ್ತಿತ್ತು. 19ನೇ ಶತಮಾನದಲ್ಲಿ ನೇರವಾಗಿ ಜಾರುವ ಸಮಾಂತರ ದವಡೆಗಳು ಬಂದವು. ಇಂದು ನಾವು ಕಾಣುವ ವೈಸ್ ಆ ವಂಶದ್ದು.

ಇನ್ನು ನಿಜವಾದ ವಿಷಯಕ್ಕೆ ಬರೋಣ. ಹಳೆಯ ವೈಸ್ ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಇದು ಒರಿಜಿನಲ್ಲಾ, ಡೂಪ್ಲಿಕೇಟಾ?" ಕಬ್ಬಿಣದ ಮೇಲೆ ಎದ್ದು ನಿಂತ ಹೆಸರೇ ಅದನ್ನು ಮಾಡಿದವರ ಹೆಸರು ಎಂಬ ನಂಬಿಕೆ ಆ ಪ್ರಶ್ನೆಯ ಹಿಂದಿದೆ. ಎಡವುವುದು ಇಲ್ಲೇ. ಒಬ್ಬರು ಎರಕ ಹೊಯ್ದು, ಮಾರುವ ಇನ್ನೊಬ್ಬರ ಹೆಸರನ್ನು ಅದರ ಮೇಲೆ ಮೂಡಿಸುವುದು ಈ ಉದ್ಯಮದಲ್ಲಿ ಮಾಮೂಲು. ಒಂದು ಕಂಪನಿಯನ್ನು ಇನ್ನೊಂದು ಕೊಂಡು, ಹಳೆಯ ಹೆಸರನ್ನೇ ಮುಂದುವರಿಸುವುದೂ ಅಷ್ಟೇ ಮಾಮೂಲು. ಇವೆರಡೂ ನಕಲಲ್ಲ.

ಅಮೆರಿಕದ ಸಿಯರ್ಸ್ ಕಂಪನಿಯನ್ನೇ ನೋಡಿ. 1927ರಲ್ಲಿ ಅದು ಕ್ರಾಫ್ಟ್ಸ್‌ಮನ್ ಎಂಬ ಹೆಸರನ್ನು ತನ್ನದಾಗಿಸಿಕೊಂಡಿತು. ಸಿಯರ್ಸ್ ಮೂಲತಃ ಮಾರುವ ಸಂಸ್ಥೆ. ಉಪಕರಣಗಳನ್ನು ಬೇರೆ ಬೇರೆ ಕಾರ್ಖಾನೆಗಳಿಂದ ಮಾಡಿಸಿ ಈ ಹೆಸರಿನಲ್ಲಿ ಮಾರುತ್ತಿತ್ತು. ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿದ್ದ ಕೊಲಂಬಿಯನ್ ಕಾರ್ಖಾನೆಯ ವೈಸ್‌ಗಳು ಹೀಗೆ ಕ್ರಾಫ್ಟ್ಸ್‌ಮನ್ ಆಗಿ ಮನೆ ಮನೆ ಸೇರಿದವು. ಮುಂದೆ ಆ ಕೊಲಂಬಿಯನ್ ಹೆಸರೂ ವಿಲ್ಟನ್ ಎಂಬ ಮತ್ತೊಬ್ಬ ತಯಾರಕರ ಪಾಲಾಯಿತು. ಸಿಯರ್ಸ್ ಮಾರಿದ ಯಂತ್ರಗಳ ಮಾದರಿ ಸಂಖ್ಯೆಯ ಮೊದಲ ಮೂರು ಅಂಕಿಗಳು ಮಾಡಿಕೊಟ್ಟವರ ಗುರುತು: 101 ಇದ್ದರೆ ಅಟ್ಲಾಸ್, 113 ಇದ್ದರೆ ಎಮರ್ಸನ್. ಹೆಸರು ಮುಚ್ಚಿಟ್ಟದ್ದನ್ನು ಅಂಕಿ ಬಿಟ್ಟುಕೊಡುತ್ತದೆ.

ಸ್ಟಾರೆಟ್ ಕಥೆ ಇನ್ನೂ ಸೊಗಸು. ಲರಾಯ್ ಸ್ಟಾರೆಟ್ ಮಾಂಸ ಕೊಚ್ಚುವ ಯಂತ್ರವೊಂದನ್ನು ಕಂಡುಹಿಡಿದರು. ಅದನ್ನು ತಯಾರಿಸಲೆಂದು 1868ರಲ್ಲಿ ಮ್ಯಾಸಚೂಸೆಟ್ಸ್‌ನ ಅಥಾಲ್ ಊರಿನಲ್ಲಿ ಅಥಾಲ್ ಮಷಿನ್ ಕಂಪನಿ ಹುಟ್ಟಿತು. ಹತ್ತು ವರ್ಷದಲ್ಲಿ ಅವರು ಅಲ್ಲಿಂದ ಹೊರಬೀಳಬೇಕಾಯಿತು. 1880ರಲ್ಲಿ ಅದೇ ಊರಿನಲ್ಲಿ ಸ್ವಂತ ಕಂಪನಿ ಕಟ್ಟಿ, ಅಳತೆಯ ಉಪಕರಣಗಳಲ್ಲಿ ಹೆಸರು ಮಾಡಿ, 1905ರಲ್ಲಿ ತಮ್ಮನ್ನು ಹೊರಗಿಟ್ಟ ಆ ಕಂಪನಿಯನ್ನೇ ಕೊಂಡರು. ಆ ವೇಳೆಗೆ ಅಥಾಲ್ ಎಂದರೆ ವೈಸ್ ಎಂದು ಜನ ಗುರುತಿಸುತ್ತಿದ್ದರು. ಹಾಗಾಗಿ ಮಾಲೀಕರು ಬದಲಾದರೂ ವೈಸಿನ ಮೇಲೆ ಅಥಾಲ್ ಎಂಬ ಹೆಸರು ಉಳಿಯಿತು.

ಹಾಗಾದರೆ ಹೆಸರು ಬದಲಿಸಿದ ವೈಸನ್ನೂ ನಕಲು ವೈಸನ್ನೂ ಬೇರ್ಪಡಿಸುವುದು ಹೇಗೆ? ಉತ್ತರ ಫೌಂಡ್ರಿಯಲ್ಲಿದೆ. ವೈಸಿನ ದೇಹ ಬೀಡು ಕಬ್ಬಿಣದ ಎರಕ. ಮರದ ಅಥವಾ ಲೋಹದ ಪ್ಯಾಟರ್ನನ್ನು ಮರಳಿನಲ್ಲಿ ಒತ್ತಿ ಅಚ್ಚು ಮಾಡುತ್ತಾರೆ, ಅದಕ್ಕೆ ಕರಗಿದ ಬೀಡು ಹೊಯ್ಯುತ್ತಾರೆ. ಹೆಸರಿನ ಅಕ್ಷರಗಳನ್ನು ಪ್ರತ್ಯೇಕ ತಗಡಿನಲ್ಲಿ ಮಾಡಿ ಪ್ಯಾಟರ್ನಿಗೆ ಸ್ಕ್ರೂ ಹಾಕಿ ಕೂರಿಸಿದರೆ, ಆ ತಗಡನ್ನು ಬಿಚ್ಚಿ ಬೇರೊಂದು ಕೂರಿಸಿದಷ್ಟಕ್ಕೆ ವೈಸಿನ ಹೆಸರು ಬದಲಾಗುತ್ತದೆ. ಉಳಿದದ್ದೆಲ್ಲ ಯಥಾಪ್ರಕಾರ. ಹೆಸರಿನ ಸುತ್ತ ಆಯತಾಕಾರದ ತೆಳು ಅಂಚು ಕಂಡರೆ ಬೆರಳಾಡಿಸಿ ನೋಡಿ, ಅದು ಆ ತಗಡಿನ ಅಂಚಿರಬಹುದು.

ನಕಲು ಮಾಡುವವರ ಬಳಿ ಪ್ಯಾಟರ್ನ್ ಇರುವುದಿಲ್ಲ. ಅವರು ಅಂಗಡಿಯಿಂದ ಒಂದು ವೈಸ್ ತಂದು, ಬಿಚ್ಚಿ, ಆ ಭಾಗಗಳನ್ನೇ ಮರಳಿನಲ್ಲಿ ಒತ್ತಿದರೆ ಏನಾಗುತ್ತದೆ? ಬೀಡು ಗಟ್ಟಿಯಾಗಿ ತಣ್ಣಗಾಗುವಾಗ ಉದ್ದದಲ್ಲಿ ಶೇಕಡಾ 1ರಷ್ಟು ಕುಗ್ಗುತ್ತದೆ. ಪ್ಯಾಟರ್ನ್ ಮಾಡುವವರಿಗೆ ಇದು ಗೊತ್ತು, ಅದಕ್ಕೇ ಅವರು ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಮಾಡುತ್ತಾರೆ. ಎರಕದಿಂದ ತೆಗೆದ ಅಚ್ಚಿಗೆ ಆ ಹೆಚ್ಚುವರಿ ಇರುವುದಿಲ್ಲ. 200 ಮಿಲಿಮೀಟರ್ ಉದ್ದದ ಭಾಗ ಸುಮಾರು 2 ಮಿಲಿಮೀಟರ್ ಗಿಡ್ಡವಾಗಿ ಹೊರಬರುತ್ತದೆ. ಅಂಚುಗಳು ಮೊಂಡಾಗುತ್ತವೆ, ಅಕ್ಷರಗಳು ಮಸುಕಾಗುತ್ತವೆ. ಆದ್ದರಿಂದ ಎರಡು ವೈಸ್ ಒಂದೇ ಮನೆಯವೇ ಎಂದು ತಿಳಿಯಬೇಕಾದರೆ ಕ್ಯಾಲಿಪರ್ ಹಿಡಿದು, ಮಷೀನಿಂಗ್ ಮಾಡದ ಒರಟು ಮೈಯನ್ನು ಅಳೆಯಿರಿ. ದವಡೆಯ ಅಗಲ ಅಳೆದು ಪ್ರಯೋಜನವಿಲ್ಲ, ಅದನ್ನು ಹೇಗೆ ಬೇಕಾದರೂ ತರಿದಿರುತ್ತಾರೆ. ಒರಟು ಮೈ ಮಾತ್ರ ಅಚ್ಚಿನಿಂದ ಬಂದ ಹಾಗೆಯೇ ಉಳಿದಿರುತ್ತದೆ. ಈ ವಿದ್ಯೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ಹೆಸರುಗಳನ್ನು ದಾಟಿಕೊಂಡು ಬಂದ ಒಂದು ವಿನ್ಯಾಸವನ್ನೂ ಹತ್ತಿರದಿಂದ ನೋಡಲೇಬೇಕು. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಶಿಪ್ಲಿಯಲ್ಲಿ ಜೋಸೆಫ್ ಪಾರ್ಕಿನ್‌ಸನ್ ಎಂಬವರ ಕಾರ್ಖಾನೆ 1880ರ ದಶಕದಲ್ಲಿ 'ಪರ್ಫೆಕ್ಟ್ ವೈಸ್' ತಂದಿತು. ಸಾಮಾನ್ಯ ವೈಸಿನಲ್ಲಿ ದವಡೆಯನ್ನು ಒಂದು ಗೇಣು ಸರಿಸಬೇಕಾದರೂ ಹ್ಯಾಂಡಲನ್ನು ಹತ್ತಾರು ಸುತ್ತು ತಿರುಗಿಸಬೇಕು. ಇದರಲ್ಲಿ ಹ್ಯಾಂಡಲ್ ಪಕ್ಕದ ಪುಟ್ಟ ಲಿವರ್ ಒತ್ತಿದರೆ ದವಡೆ ಡ್ರಾಯರಿನಂತೆ ಸರಕ್ಕನೆ ಜಾರುತ್ತದೆ. ಗುಟ್ಟು ಒಳಗಿನ ನಟ್‌ನಲ್ಲಿದೆ. ಅದು ಪೂರ್ಣ ನಟ್ ಅಲ್ಲ, ಅರ್ಧ. ಲಿವರ್ ಒತ್ತಿದಾಗ ಉದ್ದಕ್ಕೂ ಇರುವ ಸರಳು ಹೊರಳಿ, ಆ ಅರ್ಧ ನಟ್ಟನ್ನು ಸ್ಕ್ರೂವಿನಿಂದ ಬಿಡಿಸುತ್ತದೆ. ಕೈಬಿಟ್ಟರೆ ಸ್ಪ್ರಿಂಗ್ ಅದನ್ನು ಮತ್ತೆ ಕಚ್ಚಿಸುತ್ತದೆ.

ಬಿಗಿ ಮಾಡಿದಾಗ ಆ ಅರ್ಧ ನಟ್ ಹೊರಕ್ಕೆ ಚಿಮ್ಮುವುದಿಲ್ಲವೇ ಎಂದು ಓದುಗರು ಕೇಳಬೇಕು. ಪೂರ್ಣ ನಟ್ ಸ್ಕ್ರೂವನ್ನು ಸುತ್ತುವರಿದಿರುತ್ತದೆ, ಯಾವ ಕಡೆಗೂ ತಪ್ಪಿಸಿಕೊಳ್ಳದು. ಅರ್ಧ ನಟ್‌ಗೆ ಆ ಭದ್ರತೆ ಇಲ್ಲ. ಸ್ಕ್ರೂವಿನ ಹಲ್ಲಿನ ಎರಡೂ ಮೈ ಇಳಿಜಾರಾಗಿದ್ದರೆ, ಹೊರೆ ಹೆಚ್ಚಿದಂತೆ ಆ ಇಳಿಜಾರು ನಟ್ಟನ್ನು ಪಕ್ಕಕ್ಕೆ ತಳ್ಳುತ್ತದೆ. ಅದಕ್ಕೇ ಈ ಬಗೆಯ ಒಳ್ಳೆಯ ವೈಸ್‌ಗಳಲ್ಲಿ ಬಟ್ರೆಸ್ ಥ್ರೆಡ್ ಹಾಕುತ್ತಾರೆ: ಹೊರೆ ಬೀಳುವ ಮೈ ಹೆಚ್ಚುಕಡಿಮೆ ನೆಟ್ಟಗೆ, ಹಿಂದಿನ ಮೈ ಇಳಿಜಾರು. ವೈಸ್ ಬಲ ಹಾಕುವುದು ಒಂದೇ ದಿಕ್ಕಿಗೆ ತಾನೇ? ಆ ದಿಕ್ಕಿನಲ್ಲಿ ನೆಟ್ಟಗಿನ ಮೈ ನೇರವಾಗಿ ಎದುರು ನಿಲ್ಲುತ್ತದೆ, ಪಕ್ಕಕ್ಕೆ ತಳ್ಳುವ ಬಲ ಹುಟ್ಟುವುದೇ ಅತ್ಯಲ್ಪ. ಹಿಂದಿನ ಇಳಿಜಾರು ಹಲ್ಲಿಗೆ ಹಲ್ಲು ಸಲೀಸಾಗಿ ಕೂರಲು ನೆರವಾಗುತ್ತದೆ. ಇಷ್ಟು ಸರಳ ಉಪಾಯ, ಎಷ್ಟು ಪೂರ್ಣ ಪರಿಹಾರ!

ಇಂಥ ವೈಸ್ ಜಾರತೊಡಗಿದರೆ ಸ್ಕ್ರೂ ಸವೆದಿದೆ ಎಂದು ಗುಜರಿಗೆ ಹಾಕುವವರಿದ್ದಾರೆ. ಹಾಗೆ ಮಾಡಬೇಡಿ. ಮೊದಲು ಹಲ್ಲುಗಳ ಸಂದಿಯಲ್ಲಿ ಗ್ರೀಸಿನೊಂದಿಗೆ ಗಟ್ಟಿಯಾದ ಮರದ ಹೊಟ್ಟನ್ನು ಕೆರೆದು ತೆಗೆಯಿರಿ. ಆಮೇಲೆ ಸ್ಪ್ರಿಂಗ್ ನೋಡಿ. ಅರ್ಧ ನಟ್ ನಿಜವಾಗಿಯೂ ಸವೆದಿದ್ದರೆ ಅದೊಂದನ್ನೇ ಬದಲಿಸಬಹುದು.

ಪಾರ್ಕಿನ್‌ಸನ್ ಪೇಟೆಂಟಿನ ಅವಧಿ ಮುಗಿದ ಮೇಲೆ ಈ ಉಪಾಯವನ್ನು ಹಲವರು ಅಳವಡಿಸಿಕೊಂಡರು. ಅವರಲ್ಲಿ ದೊಡ್ಡವರು ಶೆಫೀಲ್ಡಿನ ಸಿ. ಅಂಡ್ ಜೆ. ಹ್ಯಾಂಪ್ಟನ್. ಇವರ ಬ್ರ್ಯಾಂಡ್ ರೆಕಾರ್ಡ್. 7 ಇಂಚು ದವಡೆಯ 52, 9 ಇಂಚಿನ 52½, 10½ ಇಂಚಿನ 53 ಎಂಬ ಸಂಖ್ಯೆಗಳು ಬಡಗಿಗಳ ಬಾಯಲ್ಲಿ ಇಂದಿಗೂ ಇವೆ. 1960ರ ದಶಕದಲ್ಲಿ ಈ ಕಂಪನಿ ವೋಡನ್ ಎಂಬ ಇನ್ನೊಂದು ಉಪಕರಣ ಕಂಪನಿಯನ್ನು ತನ್ನೊಳಗೆ ಸೇರಿಸಿಕೊಂಡಿತು. 1972ರಲ್ಲಿ ರಿಡ್ಜ್‌ವೇ ಎಂಬ ಕಂಪನಿಯ ಜೊತೆ ಒಂದಾಯಿತು. 1980ರ ದಶಕದಲ್ಲಿ ಸ್ವೀಡನ್ನಿನ ಬಾಹ್ಕೊ ಕೈಗೆ ಹೋಗಿ ಮರಳಿತು. 1998ರಲ್ಲಿ ಅಮೆರಿಕನ್ ಟೂಲ್ ಕಂಪನೀಸ್, 2002ರಲ್ಲಿ ನ್ಯೂವೆಲ್ ರಬ್ಬರ್‌ಮೇಡ್ ಒಡೆಯರಾದರು. ಹೊಸ ಒಡೆಯರ ಇರ್ವಿನ್ ಬ್ರ್ಯಾಂಡ್ ಸೇರಿ, ವೈಸಿನ ಮೇಲೆ ಇರ್ವಿನ್ ರೆಕಾರ್ಡ್ ಎಂಬ ಹೆಸರು ಬಂದದ್ದು ಹೀಗೆ. 2017ರಲ್ಲಿ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಇರ್ವಿನ್ನನ್ನು ಕೊಂಡಿತು. ಅದೇ ವರ್ಷ ಅದು ಸಿಯರ್ಸ್‌ನಿಂದ ಕ್ರಾಫ್ಟ್ಸ್‌ಮನ್ ಹೆಸರನ್ನೂ ಪಡೆಯಿತು. ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಬೆಳೆದ ಹೆಸರುಗಳು ಹೀಗೆ ಒಂದೇ ಸೂರಿನಡಿ ಬಂದವು.

ಕೊನೆಯದಾಗಿ ಒಂದು ತಪ್ಪು ಲೆಕ್ಕವನ್ನು ಸರಿಪಡಿಸಬೇಕು. ಝೆಕ್ ನೆಲದಿಂದ ವಲಸೆ ಬಂದ ಹ್ಯೂ ವೋಗಲ್ 1941ರಲ್ಲಿ ಶಿಕಾಗೊದಲ್ಲಿ ವಿಲ್ಟನ್ ಕಂಪನಿ ಆರಂಭಿಸಿದರು. ಗುಂಡಿನಾಕಾರದ ಅವರ ವೈಸಿನಲ್ಲಿ ಸ್ಕ್ರೂ ಪೂರ್ತಿ ಸಿಲಿಂಡರಿನೊಳಗೆ ಅಡಗಿರುತ್ತದೆ, ಅರದ ಪುಡಿ ಒಳಗೆ ಸೇರದು. ದವಡೆಯನ್ನು ಹೊರಗೆಳೆದು ಸಿಲಿಂಡರಿನ ಅಡಿಯ ಉಕ್ಕಿನ ಪಟ್ಟಿ ನೋಡಿದರೆ ತಿಂಗಳು ಮತ್ತು ವರ್ಷ ಕೊರೆದಿರುತ್ತಾರೆ. ಅದನ್ನೇ ತಯಾರಾದ ದಿನ ಎಂದುಕೊಳ್ಳುತ್ತಾರೆ. ಆದರೆ ಮೊದಮೊದಲ ವೈಸ್‌ಗಳಲ್ಲಿ ಅದು 5 ವರ್ಷದ ಗ್ಯಾರಂಟಿ ಮುಗಿಯುವ ತಿಂಗಳು, ಪಕ್ಕದಲ್ಲಿ ಗ್ಯಾರಂಟಿ ಎಂಬುದರ ಮೊಟಕು ರೂಪವೂ ಇರುತ್ತದೆ. 1950ರ ಏಪ್ರಿಲ್ ಎಂದಿದ್ದರೆ ಆ ವೈಸ್ 1945ರ ಏಪ್ರಿಲ್‌ನದು. ನಂತರದವುಗಳಲ್ಲಿ ಗ್ಯಾರಂಟಿಯ ಮಾತಿಲ್ಲದೆ ತಯಾರಿಕೆಯ ದಿನಾಂಕವೇ ಇದೆ. ಆದ್ದರಿಂದ ಅಂಕಿಗಿಂತ ಮೊದಲು ಅಕ್ಷರ ಓದಿ.

ಈ ಓದು ನಮ್ಮಲ್ಲಿ ಇನ್ನೂ ಆಗಬೇಕಾಗಿದೆ. ಜಲಂಧರ್, ಲುಧಿಯಾನಾಗಳ ಫೌಂಡ್ರಿಗಳು ಕೈ ಉಪಕರಣಗಳನ್ನು ದೇಶವಿದೇಶಗಳಿಗೆ ಕಳಿಸುತ್ತವೆ. ಅವುಗಳ ಎರಕದ ಗುರುತುಗಳ ಮೇಲೆ ಒಂದು ಒಳ್ಳೆಯ ಪುಸ್ತಕ ಬರಬೇಕು. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ 1880ರ ದಶಕದ್ದು, ಮೈಸೂರಿನದು 1920ರ ದಶಕದ್ದು. ಅಂಥ ಕಡೆ ಕೆಲಸ ಮಾಡುವವರು, ಹಳೆಯ ಪಾಲಿಟೆಕ್ನಿಕ್‌ಗಳಲ್ಲಿ ಕಲಿಸುವವರು ತಮ್ಮ ಬೆಂಚಿನ ವೈಸ್‌ಗಳ ಗುರುತನ್ನು ಬರೆದಿಡಲಿ: ಎದ್ದ ಅಕ್ಷರ, ಕೊರೆದ ಅಂಕಿ, ದವಡೆಯ ಅಗಲ, ಒರಟು ಮೈಯ ಎರಡು ಮೂರು ಅಳತೆ, ಹಲ್ಲಿನ ಆಕಾರ. ಪದರ ಪದರವಾಗಿ ಬಳಿದ ಬಣ್ಣದಡಿ ಅಕ್ಷರ ಕಾಣದಿದ್ದರೆ ಪೇಂಟ್ ರಿಮೂವರ್ ಹಚ್ಚಿ ವೈರ್ ಬ್ರಷ್ಷಿನಿಂದ ನಿಧಾನವಾಗಿ ಉಜ್ಜಿ. ದಯವಿಟ್ಟು ಗ್ರೈಂಡರ್ ಹಚ್ಚಬೇಡಿ.