ಚಳಿಗಾಲದಲ್ಲಿ ವಾಹನ ನಡೆಸುವವರು ಮಾಡಿಕೊಳ್ಳತಕ್ಕ ಸಿದ್ಧತೆ

ಮಾರ್ಗಶಿರ ಮಾಸದಲ್ಲಿ ಬಲಿಯುವ ಚಳಿಯು ಶಿವರಾತ್ರಿಯಂದು ‘ಶಿವ ಶಿವ’ ಎಂದು ಹೊರಟುಹೋಗುವುದೆಂಬ ಮಾತು ಕನ್ನಡ ನಾಡಿನಲ್ಲಿ ರೂಢಿಯಲ್ಲಿದೆ. ಈ ಅವಧಿಯು ರೈತನಿಗೆ ವಿರಾಮದ ಕಾಲವಲ್ಲ. ರಾಗಿ, ಭತ್ತ, ಹುರುಳಿಗಳ ಒಕ್ಕಣೆಯು ನಡೆಯುವುದು ಆಗಲೇ. ಕಬ್ಬು ಕಾರ್ಖಾನೆಗಳಿಗೆ ಸಾಗುವುದೂ ಆಗಲೇ. ತರಕಾರಿ ಮತ್ತು ಹೂವುಗಳನ್ನು ಬೆಳೆದವರು ಬೆಳಗಿನ ಮಾರುಕಟ್ಟೆಯನ್ನು ಮುಟ್ಟಬೇಕಾದರೆ ಕೋಳಿ ಕೂಗುವ ಮೊದಲೇ ಊರು ಬಿಡಬೇಕಾಗುವುದು. ಆದುದರಿಂದ ಸ್ವಂತ ಕಾರು, ಸರಕಿನ ವಾಹನ ಅಥವಾ ಟ್ರ್ಯಾಕ್ಟರನ್ನು ಇಟ್ಟುಕೊಂಡಿರುವ ಪ್ರತಿಯೊಬ್ಬ ರೈತನೂ ಚಳಿಗಾಲದ ಸಂಚಾರದ ವಿಷಯದಲ್ಲಿ ಕೆಲವು ಅಂಶಗಳನ್ನು ತಿಳಿದಿರುವುದು ಅವಶ್ಯಕವಾಗಿದೆ.

ಹಿಮಾಲಯದ ಪ್ರಾಂತಗಳಲ್ಲಿರುವಂತೆ ಇಲ್ಲಿ ರಸ್ತೆಯ ಮೇಲೆ ಹಿಮ ಬೀಳುವುದಿಲ್ಲ. ರೇಡಿಯೇಟರಿನ ನೀರು ಗಡ್ಡೆ ಕಟ್ಟುವುದಿಲ್ಲ. ಬೆಂಗಳೂರಿನಲ್ಲಿ ದಾಖಲೆಯಾಗಿರುವ ಅತ್ಯಂತ ಕಡಿಮೆ ಉಷ್ಣತೆಯೆಂದರೆ ೧೮೮೪ನೆಯ ಇಸವಿ ಜನವರಿ ೧೩ರಂದು ಕಂಡುಬಂದ ೭.೮ ಡಿಗ್ರಿ ಸೆಂಟಿಗ್ರೇಡ್. ಇಲ್ಲಿ ಪ್ರಾಣಕ್ಕೆ ಎರವಾಗುವುದು ಚಳಿಯಲ್ಲ, ಮಂಜು. ಮುಂದಿರುವುದು ಚಾಲಕನಿಗೆ ಕಾಣದಿರುವುದು ಒಂದು ಅಪಾಯ. ಅವನ ವಾಹನವು ಇತರರಿಗೆ ಕಾಣದಿರುವುದು ಇನ್ನೊಂದು. ಚಳಿಗಾಲದ ಸಿದ್ಧತೆಯಲ್ಲಿ ಬಹುಪಾಲು ಈ ಎರಡರ ನಿವಾರಣೆಗಾಗಿಯೇ. ಹಿಂದಿನ ದಿನ ಸಂಜೆ ಬೆಳಕಿರುವಾಗ ಅರ್ಧ ಗಂಟೆಯ ಕಾಲವನ್ನು ಇದಕ್ಕಾಗಿ ಮೀಸಲಿಟ್ಟರೆ ಸಾಕು.

ಮಂಜಿನ ಸ್ವಭಾವ

ಮೋಡವಿಲ್ಲದ, ಗಾಳಿ ಬೀಸದ ರಾತ್ರಿಗಳಲ್ಲಿ ನೆಲವು ಹಗಲಿನಲ್ಲಿ ಹೀರಿದ ಶಾಖವನ್ನು ಬಿಟ್ಟುಕೊಟ್ಟು ಬೇಗನೆ ತಣ್ಣಗಾಗುವುದು. ಅದನ್ನು ಸೋಕಿದ ಗಾಳಿಯೂ ತಣಿದು, ಗಾಳಿಯಲ್ಲಿರುವ ನೀರಾವಿಯು ಅತಿ ಸಣ್ಣ ಹನಿಗಳಾಗಿ ತೇಲತೊಡಗುವುದು. ಇದೇ ಮಂಜು. ಕೆರೆಯ ಅಚ್ಚುಕಟ್ಟು, ನಾಲೆಯ ಬದಿ, ತಗ್ಗಾದ ಬಯಲು, ಇಂತಹ ಕಡೆಗಳಲ್ಲಿ ತೇವವು ಹೆಚ್ಚಾಗಿರುವುದರಿಂದ ಮಂಜು ದಟ್ಟವಾಗಿ ನಿಲ್ಲುವುದು. ದಿಬ್ಬದ ಮೇಲೆ ರಸ್ತೆಯು ಸ್ಪಷ್ಟವಾಗಿದ್ದು, ಇಳಿದೊಡನೆ ಏನೂ ಕಾಣದಂತಾಗುವುದಕ್ಕೆ ಇದೇ ಕಾರಣ. ಸೂರ್ಯೋದಯದ ಆಸುಪಾಸಿನಲ್ಲಿ ಇದು ಸಾಮಾನ್ಯವಾಗಿ ಅತ್ಯಂತ ದಟ್ಟವಾಗಿರುವುದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ೨೦೦ ಮೀಟರಿಗಿಂತ ಆಚೆ ಕಾಣದಿದ್ದರೆ ಅದು ದಟ್ಟ ಮಂಜು. ೫೦ ಮೀಟರಿಗಿಂತ ಆಚೆ ಕಾಣದಿದ್ದರೆ ಅತಿ ದಟ್ಟ ಮಂಜು.

ಈ ೫೦ ಮೀಟರಿನ ಅರ್ಥವನ್ನು ಮನಗಾಣಬೇಕು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು ೧೭ ಮೀಟರು ಸಾಗುವುದು. ಅಡ್ಡಿಯನ್ನು ಕಂಡು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದರಿಂದ ಒಂದೂವರೆ ಸೆಕೆಂಡು ಕಳೆಯುವುದು. ಆಮೇಲೆ ಇಬ್ಬನಿಯಿಂದ ಒದ್ದೆಯಾದ ರಸ್ತೆಯಲ್ಲಿ ಅದು ನಿಲ್ಲಲು ಇನ್ನೂ ಸುಮಾರು ೩೫ ಮೀಟರು ಬೇಕು. ಒಟ್ಟು ೫೦ರಿಂದ ೬೦ ಮೀಟರು. ಎಂದರೆ, ಅಡ್ಡಿಯು ಕಣ್ಣಿಗೆ ಬೀಳುವ ವೇಳೆಗೆ ನಿಲ್ಲಿಸುವ ಅವಕಾಶವು ತಪ್ಪಿಹೋಗಿರುವುದು. ವೇಗವನ್ನು ೩೦ಕ್ಕೆ ಇಳಿಸಿದರೆ ಸುಮಾರು ೨೦ ಮೀಟರಿನಲ್ಲಿ ಕಾರು ನಿಲ್ಲುವುದು. ಹೊರೆ ತುಂಬಿದ ವಾಹನಕ್ಕೆ ಇದಕ್ಕಿಂತ ಹೆಚ್ಚಿನ ದೂರ ಬೇಕಾಗುವುದು.

ವಾಹನದ ಸಿದ್ಧತೆ

(೧) ದೀಪಗಳು :— ಮುಂದಿನ, ಹಿಂದಿನ, ಬ್ರೇಕಿನ ಮತ್ತು ತಿರುವು ತೋರಿಸುವ ದೀಪಗಳನ್ನು ಹೊತ್ತಿಸಿ, ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿಕೊಂಡು ಪರೀಕ್ಷಿಸಬೇಕು. ಗದ್ದೆಯ ಕೆಸರು ಮೆತ್ತಿದ ದೀಪವು ಇದ್ದೂ ಇಲ್ಲದಂತೆಯೇ ಸರಿ.

(೨) ಗಾಜು :— ಮುಂಗಾಜಿನ ಹೊರಬದಿಯನ್ನೂ ಒಳಬದಿಯನ್ನೂ ತೊಳೆದು ಒರೆಸಬೇಕು. ಧೂಳು, ಜಿಡ್ಡುಗಳು ಒಳಬದಿಯಲ್ಲಿದ್ದರೆ ಎದುರು ಬೆಳಕು ಹರಡಿ ಕಣ್ಣು ಕೋರೈಸುವುದು. ವೈಪರಿನ ರಬ್ಬರು ಬಿಸಿಲಿಗೆ ಒಣಗಿ ಬಿರಿದಿದ್ದರೆ ಬದಲಾಯಿಸತಕ್ಕದ್ದು. ಪ್ರಯಾಣಿಕರ ಉಸಿರಿನ ಆವಿ ಗಾಜಿನ ಒಳಬದಿಗೆ ಕಟ್ಟಿದಾಗ, ಏರ್ ಕಂಡೀಷನರ್ ಇರುವ ವಾಹನಗಳಲ್ಲಿ ಅದನ್ನು ಚಾಲು ಮಾಡಿ ಬೆಚ್ಚನೆಯ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಬೇಕು. ಯಂತ್ರವು ಗಾಳಿಯ ತೇವವನ್ನು ತೆಗೆಯುವುದರಿಂದ ಗಾಜು ಬೇಗನೆ ತಿಳಿಯಾಗುವುದು. ಅಂತಹ ಸೌಕರ್ಯವಿಲ್ಲದಿದ್ದರೆ ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು.

(೩) ಟೈರುಗಳು :— ಉಷ್ಣತೆಯು ಇಳಿದಂತೆ ಟೈರಿನೊಳಗಿನ ಗಾಳಿಯ ಒತ್ತಡವೂ ಇಳಿಯುವುದು. ೧೧ ಡಿಗ್ರಿ ಸೆಂಟಿಗ್ರೇಡ್ ಇಳಿದರೆ ಕಾರಿನ ಟೈರಿನಲ್ಲಿ ಸುಮಾರು ೨ ಪೌಂಡಿನಷ್ಟು ಕಡಮೆಯಾಗುವುದು. ವಾಹನವು ಓಡುವ ಮೊದಲು, ಟೈರು ತಣ್ಣಗಿರುವಾಗಲೇ ಅಳತೆ ಮಾಡಿಸಬೇಕು. ಕಾರು ಮತ್ತು ಸರಕಿನ ವಾಹನಗಳ ಟೈರಿನ ಗೀರುಗಳ ಆಳವು ೧.೬ ಮಿಲಿಮೀಟರಿಗಿಂತ ಕಡಮೆಯಾಗಿರಕೂಡದೆಂದು ನಿಯಮವಿದೆ.

(೪) ಬ್ಯಾಟರಿ :— ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುವುದು. ಎಂಜಿನ್ನಿನ ಎಣ್ಣೆಯು ಮಂದವಾಗಿ, ಅದನ್ನು ತಿರುಗಿಸಲು ಹೆಚ್ಚು ಶಕ್ತಿಯೂ ಬೇಕಾಗುವುದು. ಹಳೆಯ ಬ್ಯಾಟರಿಗಳು ಬೆಳಗಿನ ಜಾವದಲ್ಲಿಯೇ ಕೈಕೊಡುವುದು ಇದರಿಂದ. ತುದಿಗಳಲ್ಲಿ ಕಟ್ಟಿದ ಬಿಳಿಯ ಪುಡಿಯನ್ನು ಅಡುಗೆ ಸೋಡ ಬೆರೆಸಿದ ನೀರಿನಿಂದ ತೊಳೆದು ಒರೆಸಿ ಬಿಗಿಮಾಡಬೇಕು. ತಂತಿಗಳನ್ನು ಬಿಚ್ಚುವಾಗ ಋಣ ತುದಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಕೊನೆಗೆ ಜೋಡಿಸತಕ್ಕದ್ದು.

(೫) ಡೀಸೆಲ್ :— ಟ್ಯಾಂಕು ಅರೆಬರೆಯಾಗಿದ್ದರೆ ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವವು ನೀರಾಗಿ ಇಳಿದು ಎಣ್ಣೆಯೊಡನೆ ಸೇರಬಹುದು. ಸಂಜೆಯೇ ಟ್ಯಾಂಕನ್ನು ತುಂಬಿಸಿಡುವುದು ಮೇಲು. ಫಿಲ್ಟರಿನ ಕೆಳಗೆ ನೀರು ತೆಗೆಯುವ ತಿರುಪು ಇದ್ದರೆ ಆಗಾಗ್ಗೆ ಬಿಚ್ಚಿ ನೀರನ್ನು ಹರಿಸಬೇಕು.

ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನನ್ನು ಓಡಿಸಿಟ್ಟು ಬಿಸಿಮಾಡಲೇಕೂಡದು. ಅದರ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡ್ ಎಂಬ ವಿಷವಾಯುವಿರುವುದು. ವಾಹನದೊಳಗೆ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟುಕೊಂಡು ಮಲಗುವುದೂ ಇದೇ ಕಾರಣದಿಂದ ಪ್ರಾಣಾಪಾಯಕರ.

ಟ್ರ್ಯಾಕ್ಟರು ಮತ್ತು ಗಾಡಿಗಳು

ಕಬ್ಬಿನ ಹೊರೆಯು ಟ್ರೇಲರಿನ ಹಿಂದಕ್ಕೂ ಪಕ್ಕಕ್ಕೂ ಚಾಚಿಕೊಂಡಾಗ ಹಿಂದಿನ ದೀಪಗಳು ಮರೆಯಾಗುವುವು. ಹಿಂದಿನಿಂದ ಬರುವವನಿಗೆ ಮಂಜಿನಲ್ಲಿ ಕಾಣುವುದು ಬೂದಿಬಣ್ಣದ ಒಂದು ರಾಶಿ ಮಾತ್ರ; ಅದೂ ತೀರ ಸಮೀಪಕ್ಕೆ ಬಂದ ಮೇಲೆ. ಆದುದರಿಂದ ಹೊರೆಯನ್ನು ಅಂಕೆಯಲ್ಲಿಟ್ಟು, ಬೆಳಕನ್ನು ಪ್ರತಿಫಲಿಸುವ ಪಟ್ಟಿಯನ್ನು ಹಿಂದೆ ಕೆಂಪು, ಪಕ್ಕಗಳಲ್ಲಿ ಹಳದಿ, ಮುಂದೆ ಬಿಳುಪು ಬಣ್ಣದ್ದಾಗಿ ಅಂಟಿಸಬೇಕು. ಎರಡು ಟ್ರೇಲರುಗಳಿದ್ದರೆ ಕಡೆಯದಕ್ಕೂ ದೀಪದ ತಂತಿಯನ್ನು ಎಳೆಯಿಸತಕ್ಕದ್ದು.

ಉಳುವಾಗ ಚಿಕ್ಕ ಜಾಗದಲ್ಲಿ ತಿರುಗುವ ಅನುಕೂಲಕ್ಕಾಗಿ ಟ್ರ್ಯಾಕ್ಟರಿನ ಎಡಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕುಗಳಿರುವುವು. ರಸ್ತೆಗೆ ಬರುವ ಮೊದಲು ಎರಡು ಪೆಡಲುಗಳನ್ನೂ ಕೊಂಡಿಯಿಂದ ಒಂದುಗೂಡಿಸಬೇಕು. ಹಾಗೆ ಮಾಡದೆ ಒಂದನ್ನೇ ತುಳಿದರೆ ಟ್ರ್ಯಾಕ್ಟರು ಒಂದೇ ಕಡೆಗೆ ಎಳೆದು ಮಗುಚಬಹುದು. ಎತ್ತಿನ ಗಾಡಿಯವರು ಗಾಡಿಯ ಹಿಂಬದಿಗೂ ನೊಗಕ್ಕೂ ಪ್ರತಿಫಲಿಸುವ ಪಟ್ಟಿಯನ್ನು ಅಂಟಿಸಿ, ಹಿಂದೆ ಒಂದು ದೀಪವನ್ನು ತೂಗಹಾಕುವುದು ಒಳ್ಳೆಯದು.

ರಸ್ತೆಯ ಮೇಲಣ ಒಕ್ಕಣೆ

ರಾಗಿ, ಹುರುಳಿಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರಗಳಿಂದ ತುಳಿಸುವ ಅಭ್ಯಾಸವು ಹಲವು ಕಡೆ ಬೆಳೆದಿದೆ. ಕಣವನ್ನು ಸಾರಿಸಿ ಸಿದ್ಧಪಡಿಸುವ ಶ್ರಮವು ಇದರಿಂದ ಉಳಿಯುವುದೆಂಬುದು ನಿಜ. ಆದರೆ ಒಣಹುಲ್ಲಿನ ಮೇಲೆ ಚಕ್ರವು ಹಿಡಿತ ತಪ್ಪಿ ಜಾರುವುದು; ದ್ವಿಚಕ್ರ ವಾಹನದವರು ಉರುಳಿಬೀಳುವರು. ಹುರುಳಿಯ ಬಳ್ಳಿಗಳು ಕಾರಿನ ತಳದಲ್ಲಿ ಸುತ್ತಿಕೊಂಡು, ಕಾದ ಹೊಗೆಕೊಳವೆಗೆ ತಗಲಿ ಬೆಂಕಿ ಹೊತ್ತುವುದೂ ಉಂಟು. ರಾಶಿಯ ಸುತ್ತ ಇಟ್ಟ ಕಲ್ಲುಗಳು ಮಂಜಿನಲ್ಲಿ ಯಾರಿಗೂ ಕಾಣುವುದಿಲ್ಲ. ಧಾನ್ಯಕ್ಕೂ ಮಣ್ಣು, ಕಲ್ಲು, ಎಣ್ಣೆಯ ಜಿಡ್ಡುಗಳು ಬೆರೆತು ಬೆಲೆ ಕುಗ್ಗುವುದು. ಊರಿನವರು ಕೂಡಿ ಒಂದು ಕಣವನ್ನು ಮಾಡಿಕೊಳ್ಳುವುದೂ, ಒಕ್ಕಣೆ ಯಂತ್ರವನ್ನು ಬಾಡಿಗೆಗೆ ತರುವುದೂ ಉತ್ತಮ ಮಾರ್ಗಗಳು.

ಚಾಲಕರು ಇಂತಹ ಕಡೆ ಬದಿಯಲ್ಲಿ ದಾರಿಯಿದ್ದರೆ ಹುಲ್ಲನ್ನು ತಪ್ಪಿಸಿ ಹೋಗಬೇಕು. ಅನಿವಾರ್ಯವಾದರೆ ನಿಧಾನವಾಗಿ ದಾಟಿ, ಮುಂದೆ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ತಳವನ್ನು ನೋಡಿ ಹುಲ್ಲನ್ನು ಕೋಲಿನಿಂದ ಎಳೆದುಹಾಕಬೇಕು. ಸುಟ್ಟ ವಾಸನೆ ಬಂದೊಡನೆ ಎಲ್ಲರೂ ಕೆಳಗಿಳಿದು ದೂರ ಸರಿದು, ೧೧೨ನೆಯ ಸಂಖ್ಯೆಗೆ ಕರೆ ಮಾಡತಕ್ಕದ್ದು.

ಚಾಲಕನ ಸಿದ್ಧತೆ

ರಾತ್ರಿ ಎರಡರಿಂದ ಆರು ಗಂಟೆಯವರೆಗೆ ನಿದ್ರೆಯ ಸೆಳೆತವು ಬಲವಾಗಿರುವುದು. ಹಗಲೆಲ್ಲಾ ಕಟಾವು ಮಾಡಿ, ರಾತ್ರಿ ಹೊರೆ ತುಂಬಿದವನೇ ನಸುಕಿನಲ್ಲಿ ವಾಹನವನ್ನೂ ನಡೆಸುವುದು ಸರಿಯಲ್ಲ, ಬೇರೊಬ್ಬರನ್ನು ಗೊತ್ತುಮಾಡಬೇಕು. ದಾರಿಯಲ್ಲಿ ತೂಕಡಿಕೆ ಬಂದರೆ ರಸ್ತೆಯಿಂದ ದೂರ ನಿಲ್ಲಿಸಿ ಕಾಲು ಗಂಟೆ ಮಲಗುವುದೇ ಪರಿಹಾರ. ಕಾಫಿಯು ನಿದ್ರೆಯ ಸ್ಥಾನವನ್ನು ತುಂಬಲಾರದು. ಮದ್ಯವು ಮೈಯನ್ನು ಬೆಚ್ಚಗಿಡುವುದೆಂಬುದು ಭ್ರಾಂತಿ. ಅದು ಚರ್ಮಕ್ಕೆ ರಕ್ತವನ್ನು ಹರಿಸಿ ಮೈಯ ಶಾಖವನ್ನು ಕಳೆಯುವುದಲ್ಲದೆ ಬುದ್ಧಿಯನ್ನೂ ಮಂಕುಮಾಡುವುದು. ಚಳಿಗೆ ಹೊದ್ದ ಶಾಲು ಸ್ಟಿಯರಿಂಗಿಗೆ ತೊಡಕಾಗದಂತೆಯೂ, ಕಟ್ಟಿದ ಮಫ್ಲರು ಇಕ್ಕೆಲದ ನೋಟವನ್ನು ಮರೆಮಾಡದಂತೆಯೂ ನೋಡಿಕೊಳ್ಳಬೇಕು.

ಮಂಜಿನಲ್ಲಿ ನಡೆಸುವ ಕ್ರಮ

ದೀಪವನ್ನು ತಗ್ಗಿಸಿಯೇ ನಡೆಸಬೇಕು. ಎತ್ತರಿಸಿದ ಬೆಳಕು ಮಂಜಿನ ಹನಿಗಳಿಂದ ಹಿಂದಿರುಗಿ ಚಾಲಕನ ಕಣ್ಣಿಗೇ ಬಿಳಿಯ ಗೋಡೆಯಂತೆ ನಿಲ್ಲುವುದು. ಕಾಣುವಷ್ಟು ದೂರದ ಅರ್ಧದೊಳಗೆ ನಿಲ್ಲಿಸಬಹುದಾದ ವೇಗವೇ ಸರಿಯಾದ ವೇಗ. ರಸ್ತೆಯ ಎಡಬದಿಯ ಗೆರೆಯನ್ನು ಗುರುತಾಗಿಟ್ಟುಕೊಂಡು ಹೋಗಬೇಕು. ಮುಂದಿನ ವಾಹನದ ಕೆಂಪು ದೀಪವನ್ನು ನಂಬಿ ಅದರ ಬೆನ್ನಿಗೆ ಅಂಟಿಕೊಂಡು ಹೋಗುವುದು ಅಪಾಯಕರ. ನಾಲ್ಕೂ ಕಡೆ ಮಿನುಗುವ ಅಪಾಯಸೂಚಕ ದೀಪಗಳು ನಿಂತ ವಾಹನಕ್ಕಾಗಿ ಏರ್ಪಟ್ಟಿವೆ. ಓಡುವಾಗ ಅವನ್ನು ಹೊತ್ತಿಸಿದರೆ ತಿರುವಿನ ಸೂಚನೆಯು ಇತರರಿಗೆ ತಿಳಿಯದು. ಏನೂ ಕಾಣದಂತಾದಾಗ ರಸ್ತೆಯ ಅಂಚಿನಲ್ಲಿ ನಿಲ್ಲದೆ, ಪೂರ್ತಿಯಾಗಿ ಕೆಳಗಿಳಿಸಿ ನಿಲ್ಲಿಸಬೇಕು.

ಮಂಜು ಕರಗುವವರೆಗೆ ಒಂದೆರಡು ಗಂಟೆ ಕಾದರೆ ಆ ದಿನದ ಮಾಲಿಗೆ ಬೆಲೆ ಸ್ವಲ್ಪ ಕಡಮೆ ಸಿಕ್ಕಬಹುದು. ಆ ನಷ್ಟವನ್ನು ಮುಂದಿನ ಸಂತೆಯಲ್ಲಿ ತುಂಬಿಕೊಳ್ಳಬಹುದು. ದುಡಿಯುವ ಜೀವವು ಹೋದರೆ ಆ ಸಂಸಾರದ ನಷ್ಟವನ್ನು ಯಾವ ಬೆಳೆಯೂ ತುಂಬಲಾರದು. ಆದುದರಿಂದ ರೈತರು ನಾಳೆಯ ಹೊರೆಯನ್ನು ಕಟ್ಟುವ ಮುನ್ನವೇ ಈ ದಿನ ಸಂಜೆ ದೀಪ, ಗಾಜು, ಟೈರುಗಳನ್ನು ಪರೀಕ್ಷಿಸಿ, ವೇಳೆಗೆ ಸರಿಯಾಗಿ ಮಲಗುವುದನ್ನು ರೂಢಿಸಿಕೊಳ್ಳತಕ್ಕದ್ದು.